ಬಿ.ಎಂ.ಶ್ರೀ. ಮತ್ತು ಗ್ರೀಕ್ ಪುರಾಣದ ಒಬ್ಬ ಸೆರೆಯಾಳು ಹೆಣ್ಣು

ಹೊಸಗನ್ನಡ ಸಾಹಿತ್ಯಚರಿತ್ರೆಯಲ್ಲಿ ಬಿ.ಎಂ.ಶ್ರೀಕಂಠಯ್ಯನವರ ಹೆಸರು ‘ಇಂಗ್ಲಿಷ್ ಗೀತಗಳು’ ಸಂಕಲನದೊಂದಿಗೆ ಬೆಸೆದುಕೊಂಡಿದೆ. ಅವರ ರುದ್ರನಾಟಕಗಳ ಚರ್ಚೆಯೂ ಬಹುಮಟ್ಟಿಗೆ ನಾಯಕನ ಸುತ್ತಲೇ ನಡೆದಿದೆ. ಗ್ರೀಕ್ ಪುರಾಣದ ಅಂಚಿನಲ್ಲಿದ್ದ ಟೆಕ್ಮೆಸ್ಸಾ ಎಂಬ ಹೆಣ್ಣು ಅವರ ಮೂಲಕ ಕನ್ನಡಕ್ಕೆ ಬಂದ ಬಗೆ ಅವರ ಬದುಕನ್ನು ಅರಿಯಲು ಇನ್ನೊಂದು ದಾರಿಯಾಗಿದೆ.

1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದ ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು 1911ರಲ್ಲಿ ಅವರು ಧಾರವಾಡದಲ್ಲಿ ಮಾಡಿದ ಭಾಷಣ ಅವರ ಮುಂದಿನ ಬರವಣಿಗೆಗೆ ಬುನಾದಿಯಾಯಿತು. ಅನ್ಯಸಾಹಿತ್ಯದ ಸಾರವನ್ನು ಹೀರಿಕೊಂಡೂ ಕನ್ನಡ ತನ್ನತನ ಕಳೆದುಕೊಳ್ಳದೆಂಬ ನಂಬಿಕೆಯನ್ನು ಅವರು ಗ್ರೀಕ್ ರುದ್ರನಾಟಕದ ಮೂಲಕ ಪರೀಕ್ಷಿಸಿದರು. 1928ರಲ್ಲಿ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದ ಅವರು ಮರುವರ್ಷವೇ ‘ಅಶ್ವತ್ಥಾಮನ್’ ನಾಟಕವನ್ನು ಪ್ರಕಟಿಸಿದರು.

ಈ ನಾಟಕಕ್ಕೆ ಆಧಾರ ಸೊಫೊಕ್ಲಿಸನ ‘ಅಯಾಸ್’. ಅಲ್ಲಿ ಟೆಕ್ಮೆಸ್ಸಾ ಫ್ರಿಜಿಯದ ಅರಸುಮಗಳು. ಯುದ್ಧದಲ್ಲಿ ಸೆರೆಸಿಕ್ಕು ಅಯಾಸನ ಮಗನಿಗೆ ತಾಯಿಯಾದವಳು. ‘ಇಲಿಯಡ್’ ಕಾವ್ಯದಲ್ಲಿ ಅವಳ ಹೆಸರೇ ಇಲ್ಲ. ನೀನು ಸತ್ತರೆ ನಾನೂ ಮಗುವೂ ಪರರ ದಾಸ್ಯಕ್ಕೆ ಬೀಳುವೆವೆಂದು ಅವಳು ಅಯಾಸನನ್ನು ಬೇಡುತ್ತಾಳೆ, ಅವನು ಕೇಳುವುದಿಲ್ಲ. ಅವನ ಶವವನ್ನು ಮೊದಲು ಕಂಡು ಮುಸುಕುವವಳೂ ಅವಳೇ. ನಾಟಕದ ಕೊನೆಯ ಭಾಗದಲ್ಲಿ ಅವಳಿಗೆ ಮಾತಿಲ್ಲ.

ಶ್ರೀಯವರು ಈ ಪಾತ್ರವನ್ನು ಅಶ್ವತ್ಥಾಮನ ಮಡದಿ ಭಾರ್ಗವಿಯಾಗಿ ಮರುಸೃಷ್ಟಿಸಿದರು. ವ್ಯಾಸಭಾರತದ ಅಶ್ವತ್ಥಾಮನ ಕಥೆಯಲ್ಲಿ ಇಂಥ ಪತ್ನಿಯಿಲ್ಲ. ಚಿರಂಜೀವಿಗೆ ಸಾವು ತಂದರೆಂಬ ಆಕ್ಷೇಪದ ಗದ್ದಲದಲ್ಲಿ ಈ ಹೊಸ ಸೇರ್ಪಡೆ ಸಾಕಷ್ಟು ಗಮನ ಪಡೆಯಲಿಲ್ಲ. ಸೆರೆಯಾಳು ಧರ್ಮಪತ್ನಿಯಾದಾಗ ಪಾತ್ರಕ್ಕೆ ಗೌರವ ದೊರೆಯಿತು, ಕನ್ನಡ ಓದುಗನಿಗೆ ಅವಳು ಹತ್ತಿರವಾದಳು. ಆದರೆ ತನ್ನ ನಾಡನ್ನು ಕಳೆದುಕೊಂಡ ಹೆಣ್ಣು ತನ್ನನ್ನು ಸೆರೆಹಿಡಿದ ಪಾಳೆಯದವನನ್ನೇ ಆಶ್ರಯಿಸಬೇಕಾದ ಮೂಲದ ಕ್ರೌರ್ಯ ಮರೆಗೆ ಸರಿಯಿತು. ಈ ಲಾಭನಷ್ಟಗಳೆರಡನ್ನೂ ಲೆಕ್ಕಕ್ಕೆ ಹಿಡಿಯದೆ ಶ್ರೀಯವರ ರೂಪಾಂತರ ಕಲೆಯ ಮೌಲ್ಯಮಾಪನ ಪೂರ್ಣವಾಗದು.

1931ರಲ್ಲಿ, ಅಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದರು. ಬೀಸುವ ಕಲ್ಲಿನ ಮುಂದಿನ ಹೆಣ್ಣಿನ ದನಿಯೂ ಗ್ರೀಕ್ ರಂಗದಿಂದ ಬಂದ ಹೆಣ್ಣಿನ ದನಿಯೂ ಎರಡು ವರ್ಷಗಳ ಅಂತರದಲ್ಲಿ ಕನ್ನಡದ ಅಚ್ಚಿಗೆ ಬಂದುದು ಗಮನಾರ್ಹ. 1935ರ ‘ಪಾರಸಿಕರು’ ನಾಟಕದಲ್ಲಿ ಶ್ರೀಯವರು ಮತ್ತೆ ಸೋತವರ ಅರಮನೆಗೆ, ಮಗನ ಸೋಲಿಗೆ ಕಳವಳಗೊಂಡ ರಾಜಮಾತೆಯೆಡೆಗೆ ತಿರುಗಿದರು.

1944ರಲ್ಲಿ ಧಾರವಾಡದ ಕೆ.ಇ.ಬೋರ್ಡ್ ಕಲಾ ಕಾಲೇಜಿನ ಪ್ರಾಂಶುಪಾಲರಾದ ಅವರು 1946ರ ಜನವರಿಯಲ್ಲಿ ಅಲ್ಲಿಯೇ ನಿಧನರಾದರು. ಪುರಾಣದಲ್ಲಿ ಇಲ್ಲದ ಹೆಣ್ಣಿಗೆ ಕನ್ನಡದಲ್ಲಿ ಹೆಸರು, ಮನೆ, ಮಾತು ಕೊಟ್ಟುದು ಅವರ ಸಾಧನೆಗಳಲ್ಲಿ ಇನ್ನೂ ಸರಿಯಾಗಿ ದಾಖಲಾಗಬೇಕಾದ ಅಂಶವಾಗಿದೆ.