ಕ್ಷೌರದಂಗಡಿಯಲ್ಲಿ ಇಂಗ್ಲಿಷ್ ಪಾಠ

ನಮ್ಮ ಶಾಲೆಯ ಗೋಡೆಯ ಮೇಲಿದ್ದ ಗಾಂಧೀಜಿಯವರ ಚಿತ್ರಕ್ಕೆ ಪ್ರತಿವರ್ಷ ಹಾರ ಹಾಕಿದ್ದೇವೆ. ಅವರಿಗೂ ಒಂದು ಕಾಲದಲ್ಲಿ ಇಂಗ್ಲಿಷ್ ಮಾತನಾಡಲು ನಾಲಿಗೆ ಏಳುತ್ತಿರಲಿಲ್ಲ ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಉತ್ತರ ತಿಳಿದಿದ್ದೂ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿರಲಿಲ್ಲವೇನೋ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿದ ಅವರು ಹೈಸ್ಕೂಲು ಓದಿದ್ದು ರಾಜಕೋಟೆಯಲ್ಲಿ. ನಾಲ್ಕನೆಯ ತರಗತಿಯಲ್ಲಿ ಪಾಠಗಳು ಇಂಗ್ಲಿಷಿಗೆ ತಿರುಗಿದಾಗ ರೇಖಾಗಣಿತ ತಲೆಗೆ ಹತ್ತದೆ ಒದ್ದಾಡಿದರು. 1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೊರಟಾಗ ಅದೇ ಶಾಲೆ ಬೀಳ್ಕೊಡುಗೆ ಏರ್ಪಡಿಸಿತು. ನಾಲ್ಕು ಮಾತು ಬರೆದುಕೊಂಡು ಹೋಗಿದ್ದರೂ ಮೈಯೆಲ್ಲ ನಡುಗಿತು. ಹಡಗಿನಲ್ಲಿ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡೇ ಬಾಯಿ ತೆರೆಯಬೇಕಿತ್ತು. ಮಾಂಸವಿಲ್ಲದ ಅಡುಗೆ ಯಾವುದೆಂದು ಕೇಳುವ ಧೈರ್ಯವಿಲ್ಲದೆ, ಜೊತೆಗೆ ತಂದಿದ್ದ ಸಿಹಿತಿಂಡಿ, ಹಣ್ಣುಗಳಲ್ಲೇ ಹೆಚ್ಚು ದಿನ ದೂಡಿದರು.

ಲಂಡನ್ನಿನಲ್ಲಿ ಒಂದು ಗಿನಿ ಶುಲ್ಕ ಕೊಟ್ಟು ಭಾಷಣಕಲೆಯ ಪಾಠಕ್ಕೂ ಸೇರಿದರು. ಪಿಟ್ ಎಂಬ ಇಂಗ್ಲೆಂಡಿನ ಪ್ರಧಾನಿಯ ಭಾಷಣದಿಂದ ಶುರುವಾದ ಆ ಕಲಿಕೆಯನ್ನು ಎರಡು ಮೂರು ಪಾಠಕ್ಕೇ ಬಿಟ್ಟರು. 1891ರಲ್ಲಿ ಬ್ಯಾರಿಸ್ಟರಾಗಿ ಮರಳಿದ ಮೇಲೂ ಭಯ ಹೋಗಲಿಲ್ಲ. ಬೊಂಬಾಯಿಯ ಸಣ್ಣ ಕೋರ್ಟಿನಲ್ಲಿ ಪಾಟೀಸವಾಲಿಗೆ ಎದ್ದುನಿಂತವರು ಮಾತು ಹೊರಡದೆ ಕುಳಿತುಬಿಟ್ಟರು. ಪಡೆದಿದ್ದ 30 ರೂಪಾಯಿಯನ್ನೂ ಹಿಂದಿರುಗಿಸಿದರು. ಅಲ್ಲಿನ ಒಂದು ಹೈಸ್ಕೂಲಿಗೆ ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಕಲಿಸುವ ಮೇಷ್ಟ್ರು ಬೇಕಾಗಿದ್ದರು, ಸಂಬಳ 75 ರೂಪಾಯಿ. ಅರ್ಜಿ ಹಾಕಿದರು. ಪದವಿ ಇಲ್ಲವೆಂದು ಆ ಕೆಲಸವೂ ಸಿಗಲಿಲ್ಲ.

1893ರಲ್ಲಿ ಒಂದು ವ್ಯಾಪಾರಿ ಸಂಸ್ಥೆಯ ಮೊಕದ್ದಮೆಗಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಪ್ರಿಟೋರಿಯಾದಲ್ಲಿ ಹಾಜಿ ಮಹಮ್ಮದ್ ಹಾಜಿ ಜೂಸಬ್ ಎಂಬ ವರ್ತಕರ ಮನೆಯಲ್ಲಿ ಭಾರತೀಯರು ಸೇರಿದಾಗ, ವ್ಯಾಪಾರದಲ್ಲಿ ಸತ್ಯ ಎಂಬ ವಿಷಯದ ಮೇಲೆ ಮಾತನಾಡಿದರು. ಅದನ್ನೇ ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಬರೆದುಕೊಂಡಿದ್ದಾರೆ. ಅಲ್ಲಿದ್ದ ಬಹಳ ಮಂದಿಗೆ ಇಂಗ್ಲಿಷ್ ಬಾರದೆಂಬುದು ಅವರ ಗಮನಕ್ಕೆ ಬಂತು. ಪರದೇಶದಲ್ಲಿ ಬಾಳಬೇಕಾದವರಿಗೆ ಅದು ಉಪಯೋಗಕ್ಕೆ ಬರುತ್ತದೆ, ವಯಸ್ಸಾದ ಮೇಲೂ ಕಲಿಯಬಹುದು, ಬೇಕಾದವರಿಗೆ ತಾವೇ ಕಲಿಸುತ್ತೇವೆ ಎಂದರು.

ಮುಂದೆ ಬಂದವರು ಮೂವರು. ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವನು. ಅವರದ್ದೊಂದು ಷರತ್ತು: ಮೇಷ್ಟ್ರೇ ತಮ್ಮಲ್ಲಿಗೆ ಬರಬೇಕು! ಬ್ಯಾರಿಸ್ಟರ್ ಸಾಹೇಬರು ಒಪ್ಪಿಕೊಂಡರು. ಹೋದಾಗ ಕೆಲವೊಮ್ಮೆ ಶಿಷ್ಯರು ಗಿರಾಕಿಗಳ ನಡುವೆ ಮುಳುಗಿರುತ್ತಿದ್ದರು. ಇವರು ತಾಳ್ಮೆಗೆಡದೆ ಮತ್ತೆ ಹೋಗುತ್ತಿದ್ದರು. ಸುಮಾರು ಎಂಟು ತಿಂಗಳು ಹೀಗೆ ನಡೆಯಿತು.

ನನಗೆ ಹಿಡಿಸಿದ್ದು ಇದು: ಆ ಮೂವರಲ್ಲಿ ಯಾರಿಗೂ ಪಾಂಡಿತ್ಯ ಬೇಕಿರಲಿಲ್ಲ, ಮೇಷ್ಟ್ರೂ ಅದನ್ನು ಹೇರಲಿಲ್ಲ. ತಾವು ಗಿನಿ ಕೊಟ್ಟು ಕಲಿಯಹೋದ ಪಿಟ್‌ನ ಭಾಷಣ ಕ್ಷೌರದಂಗಡಿಯಲ್ಲಿ ಏನು ಕೆಲಸಕ್ಕೆ ಬಂದೀತು? ಕುರ್ಚಿಯಲ್ಲಿ ಕುಳಿತ ಗಿರಾಕಿಯೊಡನೆ ವ್ಯವಹರಿಸುವಷ್ಟು ಮಾತು ಬಂದರೆ ಸಾಕೆಂಬುದು ಕ್ಷೌರಿಕನ ಆಸೆ. ಉಳಿದಿಬ್ಬರು ಲೆಕ್ಕ ಬರೆಯುವಷ್ಟು, ವ್ಯಾಪಾರದ ಸಾಮಾನ್ಯ ಪತ್ರ ಬರೆಯುವಷ್ಟು ಕಲಿತರು. ಕಲಿತ ಇಂಗ್ಲಿಷಿನಿಂದ ಶಿಷ್ಯರಲ್ಲಿ ಇಬ್ಬರು ಒಳ್ಳೆಯ ಸಂಪಾದನೆಯ ದಾರಿ ಕಂಡುಕೊಂಡರು.