ಆಲ್ಡಸ್ ಮನೂಟಿಯಸ್ ಮತ್ತು ಓರೆ ಅಕ್ಷರದ ಹುಟ್ಟು

ಯುರೋಪಿನ ಮುದ್ರಣ ಚರಿತ್ರೆಯಲ್ಲಿ ಗುಟೆನ್‌ಬರ್ಗ್‌ನ ತರುವಾಯ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಹೆಸರುಗಳಲ್ಲಿ ವೆನಿಸ್ಸಿನ ಆಲ್ಡಸ್ ಮನೂಟಿಯಸ್‌ನದು ಪ್ರಮುಖವಾದುದು. ಬಲಕ್ಕೆ ಬಾಗಿದ, ಕೈಬರಹವನ್ನು ಹೋಲುವ ‘ಇಟಾಲಿಕ್’ ಅಚ್ಚುಮೊಳೆ ಮೊದಲು ಬಳಕೆಗೆ ಬಂದುದು ಇವನ ಮುದ್ರಣಾಲಯದಲ್ಲಿ. ಇವನನ್ನು ಕುರಿತ ಬರಹಗಳಲ್ಲಿ ಎರಡು ಮಾತುಗಳು ಪುನರಾವರ್ತನೆಗೊಳ್ಳುತ್ತ ಬಂದಿವೆ: ಆ ಅಕ್ಷರವನ್ನು ಆಲ್ಡಸನೇ ರೂಪಿಸಿದನೆಂಬುದು ಒಂದು, ಕಾಗದ ಉಳಿಸಲೆಂದು ರೂಪಿಸಿದನೆಂಬುದು ಮತ್ತೊಂದು. ಅವನ ಬದುಕನ್ನು ಅನುಸರಿಸಿ ನೋಡಿದರೆ ಇವೆರಡೂ ಪೂರ್ಣವಾಗಿ ನಿಲ್ಲುವ ಮಾತುಗಳಲ್ಲ.

ಆಲ್ಡಸ್ ಸುಮಾರು 1450ರಲ್ಲಿ, ರೋಮಿನ ಆಗ್ನೇಯಕ್ಕಿರುವ ಬಸ್ಸಿಯಾನೊ ಎಂಬ ಊರಿನಲ್ಲಿ ಜನಿಸಿದನು. ರೋಮಿನಲ್ಲಿ ಲ್ಯಾಟಿನ್, ಫೆರಾರಾದಲ್ಲಿ ಬಟ್ಟಿಸ್ಟಾ ಗ್ವರೀನಿಯ ಬಳಿ ಗ್ರೀಕ್ ಕಲಿತನು. ತತ್ತ್ವಜ್ಞಾನಿ ಪಿಕೊ ಡೆಲ್ಲಾ ಮಿರಾಂಡೊಲನ ಸ್ನೇಹದಿಂದಾಗಿ ಕಾರ್ಪಿಯ ರಾಜಕುಮಾರರಿಗೆ ಉಪಾಧ್ಯಾಯನಾದನು. ವೆನಿಸ್ಸಿಗೆ ಬರುವ ಹೊತ್ತಿಗೆ ಅವನಿಗೆ ನಲವತ್ತರ ಸಮೀಪ. ಅಲ್ಲಿಯವರೆಗೂ ಅವನು ಮೇಷ್ಟರು. ಲೋಹದ ಕೆಲಸ ಬಲ್ಲವನಲ್ಲ. 1493ರಲ್ಲಿ ಅವನ ಲ್ಯಾಟಿನ್ ವ್ಯಾಕರಣವನ್ನು ಅಚ್ಚು ಮಾಡಿದ ಆಂಡ್ರಿಯಾ ಟೊರೆಸಾನಿಯೇ ಮುಂದೆ ಅವನ ಪಾಲುದಾರನೂ ಮಾವನೂ ಆದನು. ಬಂಡವಾಳ ಮುಖ್ಯವಾಗಿ ಟೊರೆಸಾನಿಯದು ಮತ್ತು ಪಿಯೆರ್ಫ್ರಾಂಚೆಸ್ಕೊ ಬರ್ಬರೀಗೊ ಎಂಬ ಶ್ರೀಮಂತನದು. 1495ರಿಂದ 1498ರೊಳಗೆ ಅರಿಸ್ಟಾಟಲನ ಗ್ರೀಕ್ ಕೃತಿಗಳು ಐದು ಸಂಪುಟಗಳಲ್ಲಿ ಹೊರಬಂದವು.

ಈ ಎಲ್ಲ ಗ್ರಂಥಗಳ ಅಕ್ಷರಗಳನ್ನು ಕಟೆದವನು ಬೊಲೋನ್ಯದ ಫ್ರಾಂಚೆಸ್ಕೊ ಗ್ರಿಫೊ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೆತ್ತಿ, ಅದನ್ನು ತಾಮ್ರದ ಮೇಲೆ ಹೊಡೆದು ಅಚ್ಚುಗುಳಿ ಮಾಡಿ, ಅದರಲ್ಲಿ ಸೀಸದ ಮಿಶ್ರಲೋಹವನ್ನು ಎರೆಯುವ ಕೆಲಸವದು. ಪಿಯೆತ್ರೊ ಬೆಂಬೊ ಬರೆದ, ಎಟ್ನಾ ಪರ್ವತವನ್ನು ಕುರಿತ ಪುಟ್ಟ ಗ್ರಂಥಕ್ಕಾಗಿ 1496ರಲ್ಲಿ ಅವನು ಕಟೆದ ನೇರ ಅಕ್ಷರ ಇಂದಿಗೂ ಮಾದರಿಯಾಗಿದೆ. 1500ರಲ್ಲಿ ಸಿಯೆನಾದ ಸಂತ ಕ್ಯಾಥರೀನಳ ಪತ್ರಗಳ ಸಂಪುಟದ ಒಂದು ಚಿತ್ರದೊಳಗೆ ಓರೆ ಅಕ್ಷರದ ಕೆಲವೇ ಪದಗಳು ಮೊದಲು ಕಾಣಿಸಿಕೊಂಡವು. 1501ರ ವರ್ಜಿಲ್ ಸಂಪುಟವೇ ಇಡಿಯಾಗಿ ಆ ಅಕ್ಷರದಲ್ಲಿ ಅಚ್ಚಾದ ಮೊದಲ ಗ್ರಂಥ.

ಅಂದಿನ ಮಾನವತಾವಾದಿ ವಿದ್ವಾಂಸರು ವೇಗವಾಗಿ ಬರೆಯುತ್ತಿದ್ದ ಬಾಗುಬರಹವೇ ಇದರ ಮೂಲ. ಅಕ್ಷರಗಳು ಒಂದಕ್ಕೊಂದು ತಾಗಿಕೊಂಡಿರುವ ಭಾಸ ಬರಲು ಗ್ರಿಫೊ ಅನೇಕ ಜೋಡಕ್ಷರಗಳನ್ನು ಬೇರೆಯಾಗಿಯೇ ಕಟೆಯಬೇಕಾಯಿತು. ಒತ್ತಕ್ಷರಗಳ ಮೊಳೆಗಳೊಡನೆ ಹೆಣಗಿದ ಕನ್ನಡ ಅಚ್ಚುಕೂಟಗಳಿಗೆ ಈ ಶ್ರಮ ಅಪರಿಚಿತವಾದುದಲ್ಲ. ಸಣ್ಣಕ್ಷರಗಳು ಮಾತ್ರ ಬಾಗಿದ್ದವು. ದೊಡ್ಡಕ್ಷರಗಳು ಗಿಡ್ಡವಾಗಿ, ನೆಟ್ಟಗೆ ನಿಂತಿದ್ದವು. ಇನ್ನು ಉಳಿತಾಯದ ಮಾತು. ಆಲ್ಡಸನ ಕೈಹೊತ್ತಿಗೆಗಳಲ್ಲಿ ಅಂಚುಗಳು ಧಾರಾಳವಾಗಿಯೇ ಇವೆ. ಗ್ರಂಥ ಕಿರಿದಾದುದು ಅದರ ಆಕಾರದಿಂದ ಮತ್ತು ಪಠ್ಯದ ಸುತ್ತಲಿನ ಟೀಕೆಗಳನ್ನು ಕೈಬಿಟ್ಟುದರಿಂದ. ಪ್ರಾರ್ಥನಾ ಪುಸ್ತಕಗಳಿಗೆ ಮೀಸಲಾದಂತಿದ್ದ ಚಿಕ್ಕ ಆಕಾರದಲ್ಲಿ ಪ್ರಾಚೀನ ಕಾವ್ಯವನ್ನು, ವಿದ್ವಾಂಸನ ಸ್ವಹಸ್ತ ಪ್ರತಿಯಂತೆ ತೋರುವ ಅಕ್ಷರದಲ್ಲಿ ಕೊಡುವುದು ಅವನ ಉದ್ದೇಶವಾಗಿತ್ತೆಂದು ತಿಳಿಯುವುದೇ ಹೆಚ್ಚು ಸಮಂಜಸ.

ವರ್ಜಿಲ್ ಸಂಪುಟದಲ್ಲಿ ಆಲ್ಡಸ್ ಗ್ರಿಫೊನ ಕೈಚಳಕವನ್ನು ಕೆಲವೇ ಸಾಲುಗಳ ಪದ್ಯದಲ್ಲಿ ಹೊಗಳಿದ್ದಾನೆ. ಆದರೆ 1502ರಲ್ಲಿ ವೆನಿಸ್ಸಿನ ಸೆನೆಟ್ ಮತ್ತು ಪೋಪ್ ಆರನೆಯ ಅಲೆಕ್ಸಾಂಡರ್ ಈ ಅಕ್ಷರದ ಬಳಕೆಯ ಹಕ್ಕನ್ನು ನೀಡಿದ್ದು ಆಲ್ಡಸನಿಗೆ. ಕಟೆದವನಿಗೇ ತಾನು ಕಟೆದ ಅಕ್ಷರದ ಮೇಲೆ ಹಕ್ಕಿಲ್ಲದಂತಾಯಿತು. ಗ್ರಿಫೊ ವೆನಿಸ್ ತೊರೆದು ಫಾನೊದ ಮುದ್ರಕ ಗೆರ್ಶೋಮ್ ಸೊಂಚಿನೊನನ್ನು ಸೇರಿದನು. 1503ರಲ್ಲಿ ಸೊಂಚಿನೊ ಪ್ರಕಟಿಸಿದ ಪೆಟ್ರಾರ್ಕನ ಸಂಪುಟದ ಅರ್ಪಣೆಯಲ್ಲಿ, ಆಲ್ಡಸ್ ಬಳಸಿದ ಅಕ್ಷರಗಳೆಲ್ಲ ಗ್ರಿಫೊನವೆಂದು ಸ್ಪಷ್ಟವಾಗಿ ಸಾರಲಾಗಿದೆ. ಈ ಹೇಳಿಕೆ ವ್ಯಾಪಾರದ ಪೈಪೋಟಿಯಿಂದ ಹುಟ್ಟಿದ್ದಿರಬಹುದು. ಆದರೂ ಸಾಕ್ಷ್ಯವಾಗಿ ಅದರ ತೂಕ ಕಡಿಮೆಯಾಗುವುದಿಲ್ಲ.

ಹಕ್ಕುಪತ್ರಗಳಿಂದ ಆಲ್ಡಸನಿಗಾದ ಲಾಭವೂ ಅಷ್ಟಕ್ಕಷ್ಟೆ. ಫ್ರಾನ್ಸಿನ ಲಿಯಾನ್ ನಗರದ ಮುದ್ರಕರು ಅವನ ಗ್ರಂಥಗಳನ್ನೂ ಅಕ್ಷರವನ್ನೂ ನಕಲು ಮಾಡತೊಡಗಿದರು. 1503ರಲ್ಲಿ ಅವನು ಎಚ್ಚರಿಕೆಯ ಪತ್ರವೊಂದನ್ನು ಅಚ್ಚು ಮಾಡಿ, ನಕಲುಗಳಲ್ಲಿನ ತಪ್ಪುಗಳನ್ನು ಪಟ್ಟಿಮಾಡಿದನು. ಲಿಯಾನಿನವರು ಆ ಪಟ್ಟಿಯನ್ನೇ ಕರಡು ತಿದ್ದುವ ಕೈಪಿಡಿಯನ್ನಾಗಿ ಮಾಡಿಕೊಂಡು ಮುಂದಿನ ನಕಲುಗಳನ್ನು ಶುದ್ಧಗೊಳಿಸಿದರು!

1508ರಲ್ಲಿ ಎರಾಸ್ಮಸ್ ವೆನಿಸ್ಸಿನಲ್ಲಿದ್ದುಕೊಂಡು ತನ್ನ ಗಾದೆಗಳ ಸಂಕಲನದ ವಿಸ್ತೃತ ಆವೃತ್ತಿಯನ್ನು ಆಲ್ಡಸನಲ್ಲಿ ಅಚ್ಚು ಮಾಡಿಸಿದನು. ಮರುವರ್ಷವೇ ಯುದ್ಧದಿಂದಾಗಿ ಮುದ್ರಣಾಲಯ ಮುಚ್ಚಿತು; ಮತ್ತೆ ತೆರೆದುದು 1512ರಲ್ಲಿ. 1515ರ ಫೆಬ್ರವರಿ 6ರಂದು ಆಲ್ಡಸ್ ತೀರಿಕೊಂಡಾಗ ಅವನ ಪಾರ್ಥಿವ ಶರೀರದ ಸುತ್ತ ಅವನೇ ಅಚ್ಚು ಮಾಡಿದ ಗ್ರಂಥಗಳನ್ನು ಇರಿಸಲಾಗಿತ್ತು. ಗ್ರಿಫೊನ ಅಂತ್ಯ ಬೇರೆ ಬಗೆಯದು. ಬೊಲೋನ್ಯಕ್ಕೆ ಮರಳಿ 1516ರಲ್ಲಿ ತಾನೇ ಪುಟ್ಟ ಗ್ರಂಥಗಳನ್ನು ಪ್ರಕಟಿಸತೊಡಗಿದ್ದ ಅವನು, ಜಗಳವೊಂದರಲ್ಲಿ ಕಬ್ಬಿಣದ ಸರಳಿನಿಂದ ಅಳಿಯನನ್ನು ಹೊಡೆದು ಕೊಂದ ಆರೋಪಕ್ಕೆ ಗುರಿಯಾಗಿ ದಾಖಲೆಗಳಿಂದ ಮರೆಯಾಗುತ್ತಾನೆ.

ಅದೇ ಶತಮಾನದಲ್ಲಿ ದೊಡ್ಡಕ್ಷರಗಳೂ ಬಾಗಿದವು. ಸ್ವತಂತ್ರ ಅಕ್ಷರವಾಗಿದ್ದ ಇಟಾಲಿಕ್ ಕ್ರಮೇಣ ನೇರ ಅಕ್ಷರದ ಜೊತೆಗಾರನಾಗಿ, ಕೃತಿನಾಮಗಳಿಗೂ ಒತ್ತು ಕೊಡಬೇಕಾದ ಪದಗಳಿಗೂ ಸೀಮಿತವಾಯಿತು. 1929ರಲ್ಲಿ ಇಂಗ್ಲೆಂಡಿನ ಮಾನೋಟೈಪ್ ಸಂಸ್ಥೆಯು ಎಟ್ನಾ ಗ್ರಂಥದ ಅಕ್ಷರವನ್ನು ಪುನರುಜ್ಜೀವಿಸಿತು. ನೇರ ಅಕ್ಷರಕ್ಕೆ ಗ್ರಿಫೊನೇ ಮಾದರಿ. ಅದರ ಇಟಾಲಿಕ್‌ಗೆ ಮಾತ್ರ ವೆನಿಸ್ಸಿನ ಲಿಪಿಕಾರ ಜೊವಾನ್ನಿ ಆಂಟೋನಿಯೊ ತಾಲ್ಯೆಂತೆಯ ಬರಹ ಆಧಾರವಾಯಿತು. ಆ ಅಕ್ಷರಕ್ಕೆ ಇಟ್ಟ ಹೆಸರು ಆಲ್ಡಸನದೂ ಅಲ್ಲ, ಗ್ರಿಫೊನದೂ ಅಲ್ಲ, ಗ್ರಂಥಕರ್ತ ಬೆಂಬೊನದು.