ಸುಸನ್ನ ವೆಸ್ಲಿ ಅಮ್ಮನವರು

ಮಡಿಲಲ್ಲಿ ಕೂಸುಳ್ಳ ಬಾಣಂತಿಯು ಆರಾಧನೆಗೆ ಬರಲಾರದೆ, ಸತ್ಯವೇದವನ್ನು ತೆರೆಯಲು ಬಿಡುವಿಲ್ಲದೆ, ತನ್ನ ಭಕ್ತಿಯು ಕುಂದಿಹೋಯಿತೆಂದು ದುಃಖಿಸುವುದುಂಟು. ಅಂಥ ತಾಯಂದಿರ ಆದರಣೆಗಾಗಿ ಒಬ್ಬ ತಾಯಿಯ ಚರಿತ್ರೆಯನ್ನು ಇಲ್ಲಿ ಬರೆಯುತ್ತೇವೆ. ಈಕೆಗೆ ಅಡಿಗೆಮನೆಯೂ ತೊಟ್ಟಿಲೂ ಸೇವಾಕ್ಷೇತ್ರವಾಗಿದ್ದವು.

ಸುಸನ್ನ ಅಮ್ಮನವರು 1669ನೆಯ ಇಸವಿಯಲ್ಲಿ ಲಂಡನ್ ಪಟ್ಟಣದ ಒಬ್ಬ ಬೋಧಕರಿಗೆ 25ನೆಯ ಮಗುವಾಗಿ ಹುಟ್ಟಿದರು. 1688ರಲ್ಲಿ ಸಾಮುವೇಲ್ ವೆಸ್ಲಿಯವರನ್ನು ಮದುವೆಯಾದರು. ಸಾಮುವೇಲರು ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಲ್ಲಿ ಬಹುಕಾಲ ಸಭಾಪಾಲಕರಾಗಿದ್ದರು. ಅಮ್ಮನವರು 19 ಮಕ್ಕಳನ್ನು ಹೆತ್ತರು. ಬೆಳೆದು ದೊಡ್ಡವರಾದವರು 10 ಮಂದಿ ಮಾತ್ರ.

1705ರಲ್ಲಿ ಈ ಮನೆಗೆ ಕಷ್ಟದ ಮೇಲೆ ಕಷ್ಟ ಬಂದಿತು. ಹೊಸದಾಗಿ ಹುಟ್ಟಿದ ಕೂಸನ್ನು ನೋಡಿಕೊಳ್ಳುತ್ತಿದ್ದ ದಾದಿಯು ನಿದ್ದೆಯ ಭಾರದಿಂದ ಅದರ ಮೇಲೆ ಹೊರಳಿದ್ದರಿಂದ ಕೂಸು ಉಸಿರುಕಟ್ಟಿ ಸತ್ತಿತು. ಅದಾದ ಕೆಲವು ವಾರಗಳಲ್ಲಿ ಸಾಮುವೇಲರು ಸಾಲದ ನಿಮಿತ್ತ ಲಿಂಕನ್ ಕೋಟೆಯ ಸೆರೆಮನೆಗೆ ಹೋಗಬೇಕಾಯಿತು. ವೈರಿಗಳು ಮನೆಯ ಹಸುಗಳನ್ನು ಇರಿದರು. ಕೈಯಲ್ಲಿ ಹಣವಿಲ್ಲದ ಅಮ್ಮನವರು ತಮ್ಮ ಉಂಗುರಗಳನ್ನೇ ಗಂಡನಿಗೆ ಕಳುಹಿಸಿದರು. ಅವರು ಅವುಗಳನ್ನು ಹಿಂದಿರುಗಿಸಿದರು. ಎಂದಾದರೂ ರೊಟ್ಟಿಗೆ ಕೊರತೆಯಾಯಿತೋ ಎಂದು ಯಾರ್ಕಿನ ಮಹಾ ಬಿಷಪರು ವಿಚಾರಿಸಲು, ರೊಟ್ಟಿಯು ಪೂರ್ತಿಯಾಗಿ ತಪ್ಪಿದ್ದಿಲ್ಲವೆಂದೂ, ಆದರೆ ಅದನ್ನು ದೊರಕಿಸುವ ಚಿಂತೆಯೂ ಉಂಡ ಮೇಲೆ ಅದರ ಹಣವನ್ನು ತೀರಿಸುವ ಚಿಂತೆಯೂ ಅದನ್ನು ಬಹಳ ಕಹಿಮಾಡಿದವೆಂದೂ ಅಮ್ಮನವರು ಮರೆಮಾಡದೆ ತಿಳಿಸಿದರು. ಸಾಲದ ಅಂಬಲಿಯ ರುಚಿಯನ್ನು ಬಲ್ಲ ನಮ್ಮ ಹಳ್ಳಿಯವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಕಹಿಯನ್ನು ಸಿಹಿಯೆಂದು ಹೇಳುವುದು ನಂಬಿಕೆಯಲ್ಲ. ಕಹಿಯನ್ನು ದೇವರ ಮುಂದೆ ಕಹಿಯೆಂದೇ ಅರಿಕೆಮಾಡಿ, ಆತನನ್ನು ಬಿಡದೆ ಹಿಡಿದುಕೊಳ್ಳುವುದೇ ನಂಬಿಕೆ.

1707ರ ಡಿಸೆಂಬರಿನಲ್ಲಿ ಚಾರ್ಲ್ಸನು ದಿನ ತುಂಬುವ ಮೊದಲೇ ಹುಟ್ಟಿದನು. ಕೂಸು ಅಳಲಿಲ್ಲ, ಕಣ್ಣು ತೆರೆಯಲಿಲ್ಲ. ಹುಟ್ಟಬೇಕಾಗಿದ್ದ ದಿನದ ವರೆಗೆ ಅದನ್ನು ಮೆತ್ತನೆಯ ಉಣ್ಣೆಯಲ್ಲಿ ಸುತ್ತಿ ಕಾಪಾಡಿದರೆಂದು ಚರಿತ್ರಕಾರರು ಹೇಳುತ್ತಾರೆ. ದನಿಯಿಲ್ಲದ ಆ ಕೂಸೇ ಮುಂದೆ 6,000ಕ್ಕಿಂತ ಹೆಚ್ಚು ಗೀತೆಗಳನ್ನು ರಚಿಸಿತು. 1709ರ ಫೆಬ್ರವರಿ 9ರ ರಾತ್ರಿ ಮನೆಗೆ ಬೆಂಕಿ ಬಿದ್ದಿತು. ಗರ್ಭಿಣಿಯಾಗಿದ್ದ ಅಮ್ಮನವರು ಉರಿಯ ನಡುವೆ ಹಾದು ಹೊರಬಂದರು. ಮಹಡಿಯಲ್ಲಿ ಉಳಿದಿದ್ದ ಐದು ವರುಷದ ಜಾನನನ್ನು, ಒಬ್ಬನ ಹೆಗಲ ಮೇಲೆ ಇನ್ನೊಬ್ಬನು ನಿಂತು ಕಿಟಕಿಯಿಂದ ಎಳೆದುಕೊಂಡನು. ಕೂಡಲೇ ಮಾಡು ಕುಸಿಯಿತು. ಮನೆಯನ್ನು ಕಳೆದುಕೊಂಡ ತಂದೆಯು ಎಲ್ಲಾ ಮಕ್ಕಳೂ ಬದುಕಿದ್ದಕ್ಕಾಗಿ ನೆರೆಯವರೊಡನೆ ಮೊಣಕಾಲೂರಿ ದೇವರನ್ನು ಸ್ತುತಿಸಿದರು.

ಅಮ್ಮನವರ ಮನೆಯ ಕ್ರಮವನ್ನು ಕೇಳಿರಿ. ಮಾತು ಬಾರದ ಕೂಸೂ ಊಟದ ಹೊತ್ತಿನಲ್ಲಿ ಸನ್ನೆಯಿಂದ ಆಶೀರ್ವಾದವನ್ನು ಬೇಡಲು ಕಲಿಯುತ್ತಿತ್ತು. ಮಾತು ಬಂದೊಡನೆ ಕರ್ತನ ಪ್ರಾರ್ಥನೆಯನ್ನು ಬೆಳಿಗ್ಗೆಯೂ ರಾತ್ರಿಯೂ ಹೇಳುತ್ತಿತ್ತು. ಐದು ವರುಷ ತುಂಬಿದ ಮೇಲೆ ಒಂದೇ ದಿನದಲ್ಲಿ ಅಕ್ಷರಗಳನ್ನು ಕಲಿಸಿ, ಆದಿಕಾಂಡದ ಮೊದಲನೆಯ ಅಧ್ಯಾಯದಿಂದ ಓದಿಸುತ್ತಿದ್ದರು. ಚೆನ್ನಾಗಿ ಓದಲು ಬರುವ ತನಕ ಹೆಣ್ಣುಮಕ್ಕಳನ್ನು ಹೊಲಿಗೆಗೆ ಹಚ್ಚುತ್ತಿರಲಿಲ್ಲ. ಆಕೆಯ ಶಿಕ್ಷೆಯು ಬಹಳ ಕಠಿಣವಾಗಿತ್ತು. ಅದನ್ನೆಲ್ಲಾ ಅನುಸರಿಸಿರಿ ಎಂದು ನಾವು ಹೇಳುವುದಿಲ್ಲ. ಆದರೆ ತಪ್ಪನ್ನು ತಾನಾಗಿ ಒಪ್ಪಿಕೊಂಡ ಮಗುವಿಗೆ ಹೊಡೆಯಬಾರದೆಂಬ ನಿಯಮವು ಆ ಮನೆಯಲ್ಲಿತ್ತು.

1712ನೆಯ ಇಸವಿಯ ಸುಮಾರಿಗೆ ಗಂಡನು ಲಂಡನಿಗೆ ಹೋಗಿದ್ದಾಗ, ಮಗಳು ಎಮಿಲಿಯಾ ತಂದೆಯ ಕೋಣೆಯಲ್ಲಿ ಒಂದು ಪುಸ್ತಕವನ್ನು ಕಂಡಳು. ಅದು 1706ರಲ್ಲಿ ತಮಿಳು ಸೀಮೆಯ ತರಂಗಂಬಾಡಿಗೆ ಬಂದ ಡೇನಿಷ್ ಮಿಷನರಿಗಳ ವೃತ್ತಾಂತವಾಗಿತ್ತು. ಅದನ್ನು ಕೇಳಿದ ಅಮ್ಮನವರ ಹೃದಯವು ಉರಿಯಿತು. ತಾನು ಮಿಷನರಿಯಾಗಲಾರೆನಾದರೂ ಮನೆಯಲ್ಲಿರುವ ಆತ್ಮಗಳಿಗೆ ಇನ್ನೂ ಹೆಚ್ಚಾಗಿ ಸೇವೆಮಾಡಬಹುದೆಂದು ಎಣಿಸಿ, ಪ್ರತಿ ಮಗುವಿನ ಸಂಗಡ ವಾರದಲ್ಲಿ ಒಂದು ಸಂಜೆ ಏಕಾಂತವಾಗಿ ಮಾತಾಡತೊಡಗಿದರು. ಜಾನನ ಪಾಲಿಗೆ ಗುರುವಾರ ಬಂದಿತು. ದೊಡ್ಡವನಾದ ಮೇಲೂ ಆತನು ಆ ಗುರುವಾರವನ್ನು ಮರೆಯಲಿಲ್ಲ. ಭಾನುವಾರ ಸಂಜೆಯ ಕುಟುಂಬ ಪ್ರಾರ್ಥನೆಗೆ ನೆರೆಯವರೂ ಬರಲಾರಂಭಿಸಿ ಸುಮಾರು 200 ಜನರಾದರು. ಹೀಗೆ ನಮ್ಮ ದಕ್ಷಿಣ ಸೀಮೆಯಲ್ಲಿ ಹೊತ್ತಿದ ದೀಪವು ದೂರದ ಅಡಿಗೆಮನೆಯನ್ನು ಬೆಳಗಿತು. ಆ ಮನೆಯ ಮಕ್ಕಳಾದ ಜಾನ್, ಚಾರ್ಲ್ಸರಿಂದ ಮೆಥೊಡಿಸ್ಟ್ ಪಂಗಡವು ಹುಟ್ಟಿತು. ಆ ಪಂಗಡದವರು 19ನೆಯ ಶತಮಾನದಲ್ಲಿ ಮೈಸೂರು ಸೀಮೆಗೂ ಸುವಾರ್ತೆಯನ್ನು ತಂದರು.

ಆದರೂ ಈ ತಾಯಿಯ ಎಲ್ಲಾ ಮಕ್ಕಳೂ ಸುಖವಾಗಿ ಬಾಳಲಿಲ್ಲ. ಹೆಣ್ಣುಮಕ್ಕಳಲ್ಲಿ ಕೆಲವರ ಸಂಸಾರವು ಕಣ್ಣೀರಿನಿಂದ ತುಂಬಿತ್ತು. ಬಿತ್ತುವುದು ತಾಯಿಯ ಕೆಲಸ, ಬೆಳೆಯು ದೇವರ ಕೈಯಲ್ಲಿದೆ. 1742ರ ಜುಲೈ 23ರಲ್ಲಿ ಲಂಡನಿನಲ್ಲಿ ಅಮ್ಮನವರು ಪ್ರಾಣ ಬಿಟ್ಟರು. ತನ್ನ ಆತ್ಮವು ಬಿಡುಗಡೆಯಾದೊಡನೆ ಸ್ತೋತ್ರದ ಕೀರ್ತನೆಯನ್ನು ಹಾಡಬೇಕೆಂದು ಮಕ್ಕಳಿಗೆ ಹೇಳಿದ್ದರು. ಅವರು ಹಾಗೆಯೇ ಹಾಡಿದರು.

ಆದಕಾರಣ, ಎಳೆಗೂಸುಳ್ಳ ತಾಯಂದಿರೇ, ಎದೆಗುಂದಬೇಡಿರಿ. ಒಲೆಯ ಮುಂದೆ ಕುಳಿತು ಹಾಲೂಡಿಸುವಾಗ ಕೂಸಿನ ಕಿವಿಯಲ್ಲಿ ಯೇಸುವಿನ ಹೆಸರನ್ನು ಹೇಳಿರಿ. ಗಂಡಂದಿರೇ, ವಾರಕ್ಕೊಂದು ಸಂಜೆ ಕೂಸನ್ನು ನೀವು ಎತ್ತಿಕೊಂಡು, ತಾಯಿಗೆ ಪ್ರಾರ್ಥನೆಯ ಬಿಡುವನ್ನು ಕೊಡಿರಿ. ಇಂಥ ಮನೆಗಳಲ್ಲಿ ಕರ್ತನು ತಾನೇ ವಾಸಿಸಲಿ.